ನಾಲ್ಕೇ ಜನರ ಉದ್ಯಮಕ್ಕೆ ಎಐ ಯಾಕೆ ಬೇಕು

ಸಣ್ಣ ಉದ್ಯಮ ನಡೆಸುವವರಿಗೆ ದಿನಕ್ಕೆ ಎರಡು ಪಾಳಿ. ಮೊದಲನೆಯದು ಎಲ್ಲರಿಗೂ ಕಾಣುವಂಥದ್ದು: ಗ್ರಾಹಕರು, ಕೆಲಸದವರು, ಸರಕು, ಬಿಡುವಿಲ್ಲದ ಫೋನು. ಎರಡನೆಯದು ಬಾಗಿಲು ಹಾಕಿದ ಮೇಲೆ ಶುರುವಾಗುತ್ತದೆ. ಬೆಳಗಾಗುವುದರೊಳಗೆ ಒಂದು ಕೊಟೇಷನ್ ಹೋಗಬೇಕು. ಎರಡು ತಿಂಗಳಿಂದ ಬಾರದ ಬಾಕಿಗೆ ಇನ್ನೊಂದು ಪತ್ರ ಬರೆಯಬೇಕು. ಸಿಟ್ಟಾಗಿರುವ ಗ್ರಾಹಕರೊಬ್ಬರಿಗೆ ಸಮಾಧಾನದ ಉತ್ತರ ಕೊಡಬೇಕು. ವಾರದ ಬಿಲ್ಲುಗಳೆಲ್ಲ ಲೆಕ್ಕಕ್ಕೆ ಏರಬೇಕು. ದೊಡ್ಡ ಕಂಪನಿಯಲ್ಲಿ ಇದರಲ್ಲಿ ಒಂದೊಂದಕ್ಕೂ ಒಂದೊಂದು ವಿಭಾಗ ಇರುತ್ತದೆ. ಇಲ್ಲಿ ಎಲ್ಲವೂ ಒಂದೇ ತಲೆಯ ಮೇಲೆ, ಅದೂ ಹಗಲೆಲ್ಲ ದುಡಿದು ದಣಿದ ತಲೆಯ ಮೇಲೆ.

ಕೃತಕ ಬುದ್ಧಿಮತ್ತೆ (ಎಐ) ಸಣ್ಣವರಿಗೆ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಈ ಎರಡನೇ ಪಾಳಿಯ ಕಡೆಯಿಂದ ನೋಡಬೇಕು. ರೋಬೋಟುಗಳು, ಮನುಷ್ಯನನ್ನು ಮೀರಿಸುವ ಯಂತ್ರಗಳು, ಅವೆಲ್ಲ ಬೇರೆ ಚರ್ಚೆ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಜಗತ್ತಿನ ಉದ್ಯಮಗಳಲ್ಲಿ ಸುಮಾರು ಶೇ. 90ರಷ್ಟು ಸಣ್ಣ ಮತ್ತು ಮಧ್ಯಮ ಗಾತ್ರದವು. ಉದ್ಯೋಗದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವುಗಳದು. ಇಷ್ಟು ಜನರ ರಾತ್ರಿಯ ಒಂದು ಗಂಟೆ ಉಳಿಯುತ್ತದೆ ಎಂದರೆ ಅದು ಸಣ್ಣ ವಿಷಯವಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಹೆಚ್ಚು ನೆರವಾದದ್ದು ಕಂಪ್ಯೂಟರಿನ ಚರಿತ್ರೆಯಲ್ಲ, ವಿದ್ಯುತ್ ಮೋಟಾರಿನದು.

ಉಗಿಯಂತ್ರದ ಕಾಲದ ಕಾರ್ಖಾನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಮೂಲೆಯಲ್ಲಿ ದೈತ್ಯ ಎಂಜಿನ್. ಅದರಿಂದ ಸೂರಿನ ಕೆಳಗೆ ಉದ್ದಕ್ಕೂ ಹಾದುಹೋಗುವ, ಸದಾ ತಿರುಗುವ ಕಬ್ಬಿಣದ ದಂಡ. ಆ ದಂಡದಿಂದ ಒಂದೊಂದು ಯಂತ್ರಕ್ಕೂ ಇಳಿಬಿಟ್ಟ ಚರ್ಮದ ಬೆಲ್ಟು. ಒಂದೇ ಯಂತ್ರ ನಡೆಯಬೇಕಿದ್ದರೂ ಇಡೀ ದಂಡ ತಿರುಗಲೇಬೇಕು, ಎಂಜಿನ್ ಉರಿಯಲೇಬೇಕು. ಹಾಗಾಗಿ ಯಾಂತ್ರಿಕ ಶಕ್ತಿ ದೊಡ್ಡವರ ಸೊತ್ತಾಗಿತ್ತು. 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರ ತೆರೆದ ಮೇಲೂ ಕಾರ್ಖಾನೆಗಳು ತಕ್ಷಣ ಬದಲಾಗಲಿಲ್ಲ. ಶತಮಾನ ತಿರುಗುವ ಹೊತ್ತಿಗೂ ಅಮೆರಿಕದ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ವಿದ್ಯುತ್ ಮೋಟಾರಿನ ಪಾಲು ಶೇ. 5ಕ್ಕಿಂತ ಕಡಿಮೆ ಇತ್ತು. ಮೋಟಾರು ತಂದ ಅನೇಕರು ಮಾಡಿದ್ದೂ ಇಷ್ಟೇ: ಉಗಿ ಎಂಜಿನ್ ತೆಗೆದು ಆ ಜಾಗದಲ್ಲಿ ದೊಡ್ಡ ಮೋಟಾರು ಕೂರಿಸಿದರು. ದಂಡವೂ ಅದೇ, ಬೆಲ್ಟೂ ಅದೇ. ನಿಜವಾದ ಲಾಭ ಬಂದದ್ದು 1920ರ ದಶಕದಲ್ಲಿ, ಒಂದೊಂದು ಯಂತ್ರಕ್ಕೂ ಅದರದ್ದೇ ಪುಟ್ಟ ಮೋಟಾರು ಬಂದು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಯಂತ್ರಗಳನ್ನು ಜೋಡಿಸಿಕೊಳ್ಳಲು ಸಾಧ್ಯವಾದಾಗ. ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1990ರ ತಮ್ಮ ಪ್ರಬಂಧದಲ್ಲಿ ಈ ಚರಿತ್ರೆಯನ್ನು ಬಿಡಿಸಿಟ್ಟರು. ಕಂಪ್ಯೂಟರು ಎಲ್ಲೆಡೆ ಇದ್ದರೂ ಅದರ ಲಾಭ ಅಂಕಿಅಂಶಗಳಲ್ಲಿ ಯಾಕೆ ಕಾಣುತ್ತಿಲ್ಲ ಎಂದು ಆಗ ಎಲ್ಲರೂ ಕೇಳುತ್ತಿದ್ದರು, ಅದಕ್ಕೆ ಅವರು ಕೊಟ್ಟ ಉತ್ತರ ಈ ಮೋಟಾರಿನ ಕಥೆ.

ಈ ಕಥೆಯಲ್ಲಿ ನನ್ನ ಗಮನ ಹಿಡಿದದ್ದು ಇನ್ನೊಂದು ಸಂಗತಿ. ಪುಟ್ಟ ಮೋಟಾರು ಬಂದಾಗ ಶಕ್ತಿಯನ್ನು ಬಿಡಿಬಿಡಿಯಾಗಿ ಕೊಳ್ಳಲು ಬಂತು. ಒಂದೇ ಯಂತ್ರ ಇಟ್ಟುಕೊಂಡವನೂ ತನಗೆ ಬೇಕಾದಷ್ಟನ್ನೇ, ಬೇಕಾದಾಗ ಮಾತ್ರ ಬಳಸಬಹುದಾಯಿತು. ಎಐ ಈಗ ಮೇಜಿನ ಮೇಲಿನ ಕೆಲಸಕ್ಕೆ ಅದನ್ನೇ ಮಾಡುತ್ತಿದೆ. ನಾಲ್ಕು ಜನರ ಉದ್ಯಮಕ್ಕೆ ವಾರಕ್ಕೆ ಇಪ್ಪತ್ತು ನಿಮಿಷದ ಅನುವಾದಕ ಬೇಕಾಗುತ್ತಾನೆ, ಅರ್ಧ ಗಂಟೆಯ ಲೆಕ್ಕಿಗ, ಹದಿನೈದು ನಿಮಿಷದ ಜಾಹೀರಾತು ಬರಹಗಾರ, ತಿಂಗಳಿಗೊಮ್ಮೆ ಅಂಕಿಅಂಶ ಓದಿ ಹೇಳಬಲ್ಲವನು. ಇಪ್ಪತ್ತು ನಿಮಿಷಕ್ಕೆ ಯಾರನ್ನೂ ಸಂಬಳಕ್ಕೆ ಇಟ್ಟುಕೊಳ್ಳಲಾಗದು. ಪರಿಣಾಮ, ಆ ಕೆಲಸಗಳು ಒಂದೋ ಮಾಲೀಕರ ನಿದ್ದೆ ತಿನ್ನುತ್ತವೆ, ಇಲ್ಲವೇ ಆಗುವುದೇ ಇಲ್ಲ. ಆಗದೇ ಉಳಿದ ಕೆಲಸಕ್ಕೆ ಯಾವ ಲೆಕ್ಕಪುಸ್ತಕದಲ್ಲೂ ಜಾಗವಿಲ್ಲ. ಹೋಗದ ಕೊಟೇಷನ್, ಕೇಳದೆ ಬಿಟ್ಟ ಬಾಕಿ, ಉತ್ತರ ಕಾಣದ ವಿಚಾರಣೆ: ಇವುಗಳಿಂದ ಆದ ನಷ್ಟ ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ.

ಮೇಜಿನ ಮೇಲಿನ ಕೆಲಸದಲ್ಲಿ ಇಂಥದ್ದು ಹಿಂದೆ ಒಮ್ಮೆ ಆಗಿದೆ ಕೂಡ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ತಂದ ವಿಸಿಕ್ಯಾಲ್ಕ್ ಎಂಬ ತಂತ್ರಾಂಶ ಮೇಜಿನ ಮೇಲಿನ ಪುಟ್ಟ ಕಂಪ್ಯೂಟರಿಗೆ ಸ್ಪ್ರೆಡ್‌ಶೀಟನ್ನು ಕೊಟ್ಟಿತು. ಒಂದು ಅಂಕಿ ಬದಲಿಸಿದರೆ ಇಡೀ ಲೆಕ್ಕ ತಾನಾಗಿ ಬದಲಾಗುವುದು ಇಂದು ನಮಗೆ ಮಾಮೂಲು. ಅದಕ್ಕೆ ಮುಂಚೆ ಒಂದು ಅಂಕಿ ಬದಲಾದರೆ ಪೆನ್ಸಿಲು, ರಬ್ಬರು ಹಿಡಿದು ಹಾಳೆಯನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕಿತ್ತು.

ಇನ್ನು ಎಐ ಅಂದರೆ ಏನು ಎನ್ನುವುದಕ್ಕೆ ಬರೋಣ. ಸಣ್ಣ ಉದ್ಯಮದ ಮಟ್ಟಿಗೆ ಎರಡು ಬಗೆಯವು ಮುಖ್ಯ.

ಮೊದಲನೆಯದು ಉದಾಹರಣೆಗಳನ್ನು ನೋಡಿ ಗುರುತಿಸಲು ಕಲಿಯುವ ಬಗೆ. ಜಪಾನಿನ ಒಂದು ಸೌತೆಕಾಯಿ ತೋಟದ ಕಥೆ ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ, 2016ರಲ್ಲಿ ಸುದ್ದಿಯಾಗಿತ್ತು. ಅಪ್ಪ, ಅಮ್ಮ, ಮಗ ಸೇರಿ ನಡೆಸುವ ತೋಟ. ಅಲ್ಲಿ ಸೌತೆಕಾಯಿಯನ್ನು ಬಣ್ಣ, ಉದ್ದ, ಡೊಂಕು, ಮೇಲಿನ ಗೀರು ನೋಡಿ ಒಂಬತ್ತು ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಈ ಕೆಲಸ ಪೂರ್ತಿ ತಾಯಿಯದು, ಸುಗ್ಗಿಯಲ್ಲಿ ದಿನಕ್ಕೆ ಎಂಟು ತಾಸಿನವರೆಗೂ. ಎಂಜಿನಿಯರ್ ಕೆಲಸ ಬಿಟ್ಟು ತೋಟಕ್ಕೆ ಮರಳಿದ್ದ ಮಗ, ತಾಯಿ ವಿಂಗಡಿಸಿದ ಕಾಯಿಗಳ ಸುಮಾರು 7,000 ಚಿತ್ರ ತೆಗೆದ. ಅದಕ್ಕೇ ಎರಡು ಮೂರು ತಿಂಗಳು ಹಿಡಿಯಿತು. ಆಮೇಲೆ ಗೂಗಲ್ ಉಚಿತವಾಗಿ ಬಿಟ್ಟಿದ್ದ ಟೆನ್ಸರ್‌ಫ್ಲೋ ಎಂಬ ತಂತ್ರಾಂಶದಿಂದ ಯಂತ್ರಕ್ಕೆ ವಿಂಗಡಣೆ ಕಲಿಸಿದ. ಇಲ್ಲಿ ಗಮನಿಸಬೇಕಾದದ್ದು, ಯಂತ್ರ ಕಲಿತದ್ದು ತಾಯಿಯ ಕಣ್ಣನ್ನು. ದರ್ಜೆಯ ನಿಯಮಗಳನ್ನು ಯಾರೂ ಅದಕ್ಕೆ ಬರೆದುಕೊಡಲಿಲ್ಲ. ಆಕೆ ವರ್ಷಗಟ್ಟಲೆ ಮಾಡಿದ ತೀರ್ಮಾನಗಳೇ ಪಾಠವಾದವು. ಫಲಿತಾಂಶವನ್ನೂ ಅವರು ಮುಚ್ಚಿಡಲಿಲ್ಲ. ಪರೀಕ್ಷೆಯ ಚಿತ್ರಗಳಲ್ಲಿ ಶೇ. 95ಕ್ಕಿಂತ ಹೆಚ್ಚು ಸರಿಯಿದ್ದದ್ದು ನಿಜವಾದ ಬಳಕೆಯಲ್ಲಿ ಸುಮಾರು ಶೇ. 70ಕ್ಕೆ ಇಳಿಯಿತು. ಎಐ ಮಾರಲು ಬಂದವರು ಯಾವುದೇ ಶೇಕಡಾವಾರು ಹೇಳಿದರೂ ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡು, ‘ಇದು ಯಾರ ಸರಕಿನ ಮೇಲೆ ಬಂದ ಫಲಿತಾಂಶ?’ ಎಂದು ಕೇಳಬೇಕು.

ಎರಡನೆಯದು ಭಾಷಾ ಮಾದರಿ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರ ಬಾಯಲ್ಲಿರುವುದು. 2017ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ‘ಟ್ರಾನ್ಸ್‌ಫಾರ್ಮರ್’ ಎಂಬ ವಿನ್ಯಾಸದ ಮೇಲೆ ಇದು ನಿಂತಿದೆ. ಅಪಾರ ಪ್ರಮಾಣದ ಬರಹವನ್ನು ಓದಿಸಿ, ಇಷ್ಟು ಮಾತು ಆದ ಮೇಲೆ ಮುಂದಿನ ತುಣುಕು ಯಾವುದು ಬರಬಹುದು ಎಂದು ಊಹಿಸುವುದನ್ನು ಅದಕ್ಕೆ ಕಲಿಸುತ್ತಾರೆ. ಊಹಿಸಿದ ತುಣುಕನ್ನು ಸೇರಿಸಿಕೊಂಡು ಅದರ ಮುಂದಿನದನ್ನು ಊಹಿಸುತ್ತದೆ, ಹೀಗೇ ಉತ್ತರ ಬೆಳೆಯುತ್ತದೆ. ಈ ಒಂದು ವಿಷಯ ತಿಳಿದರೆ ಅದರ ಗುಣವೂ ದೋಷವೂ ಒಟ್ಟಿಗೆ ಅರ್ಥವಾಗುತ್ತವೆ. ಪತ್ರ, ಸಾರಾಂಶ, ಅನುವಾದ, ಒಂದೇ ವಿಷಯವನ್ನು ಬೇರೆ ಧಾಟಿಯಲ್ಲಿ ಹೇಳುವುದು, ಇವೆಲ್ಲ ಭಾಷೆಯ ಹದ ಬೇಡುವ ಕೆಲಸ. ಅದರಲ್ಲಿ ಅದು ನಿಸ್ಸೀಮ. ಆದರೆ ಗೊತ್ತಿಲ್ಲದ್ದನ್ನೂ ಅದೇ ಹದದಲ್ಲಿ, ಅದೇ ಧೈರ್ಯದಲ್ಲಿ ಹೇಳಿಬಿಡುತ್ತದೆ. ತಪ್ಪುವಾಗ ಮನುಷ್ಯನ ದನಿ ತಡವರಿಸುತ್ತದೆ, ಇದರದು ತಡವರಿಸುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ, ಚಾಟ್‌ಜಿಪಿಟಿ ಹುಟ್ಟಿಸಿದ್ದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ಹಾಗಾದರೆ ನಿಜಕ್ಕೂ ಉಪಯೋಗ ಆಗುತ್ತದೆಯೇ? ಒಳ್ಳೆಯ ಅಧ್ಯಯನಗಳು ಕೆಲವಿವೆ. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್‌ಜಾಲ್ಫ್‌ಸನ್ ಮತ್ತು ಸಂಗಡಿಗರು ಗ್ರಾಹಕರ ಸಮಸ್ಯೆಗೆ ಉತ್ತರ ಕೊಡುವ 5,000ಕ್ಕೂ ಹೆಚ್ಚು ಸಿಬ್ಬಂದಿಯ ಕೆಲಸವನ್ನು ಗಮನಿಸಿ 2023ರಲ್ಲಿ ವರದಿ ಮಾಡಿದರು. ಎಐ ಸಲಹೆ ಸಿಕ್ಕ ಮೇಲೆ ಗಂಟೆಗೆ ಬಗೆಹರಿಸುವ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇ. 14ರಷ್ಟು ಹೆಚ್ಚಿತು. ಹೊಸಬರಲ್ಲಿ ಅದು ಶೇ. 34ರಷ್ಟು, ನುರಿತವರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ನುರಿತವರು ಉತ್ತರಿಸುವ ರೀತಿಯನ್ನೇ ಯಂತ್ರ ಕಲಿತು ಹೊಸಬರಿಗೆ ದಾಟಿಸಿತ್ತು. ಹೊಸಬರ ಪಕ್ಕ ಕೂತು ಕಲಿಸಲು ಯಾರಿಗೂ ಪುರಸೊತ್ತಿಲ್ಲದ ಸಣ್ಣ ಜಾಗಗಳಿಗೆ ಇದು ದೊಡ್ಡ ಸುದ್ದಿ. ಅದೇ ವರ್ಷ ಶಕೆಡ್ ನೋಯ್ ಮತ್ತು ವಿಟ್ನಿ ಝಾಂಗ್ ಎಂಬ ಸಂಶೋಧಕರು, ಕಚೇರಿ ಬರವಣಿಗೆಯ ಕೆಲಸಗಳನ್ನು 453 ಮಂದಿ ವೃತ್ತಿಪರರಿಗೆ ಕೊಟ್ಟು ನೋಡಿದರು. ಚಾಟ್‌ಜಿಪಿಟಿ ಬಳಸಿದವರಿಗೆ ಶೇ. 40ರಷ್ಟು ಕಡಿಮೆ ಸಮಯ ಸಾಕಾಯಿತು, ಗುಣಮಟ್ಟ ಶೇ. 18ರಷ್ಟು ಏರಿತು.

ಆದರೆ ಸಣ್ಣ ಉದ್ಯಮಿಗಳು ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಕೆನ್ಯಾದ ಅಧ್ಯಯನ. ಅಲ್ಲಿ 640 ಸಣ್ಣ ಉದ್ಯಮಿಗಳನ್ನು ಆರಿಸಿ, ಕೆಲವರಿಗೆ ವಾಟ್ಸ್‌ಆ್ಯಪ್‌ನಲ್ಲೇ ಮಾತಾಡಬಹುದಾದ ಎಐ ಸಲಹೆಗಾರನನ್ನು ಕೊಟ್ಟರು. ವ್ಯಾಪಾರದ ಯಾವ ಪ್ರಶ್ನೆಯನ್ನಾದರೂ ಕೇಳಬಹುದಿತ್ತು. ಸರಾಸರಿ ನೋಡಿದರೆ ಪರಿಣಾಮ ಏನೂ ಇಲ್ಲ. ಸರಾಸರಿಯ ಒಳಗೆ ನೋಡಿದಾಗ ಕಂಡದ್ದು ಬೇರೆ: ಮೊದಲೇ ಚೆನ್ನಾಗಿ ನಡೆಸುತ್ತಿದ್ದವರ ವ್ಯಾಪಾರ ಇನ್ನಷ್ಟು ಮೇಲೇರಿತು, ಕಷ್ಟದಲ್ಲಿದ್ದವರದು ಇನ್ನಷ್ಟು ಇಳಿಯಿತು. ಸಲಹೆಗಾರ ಒಬ್ಬನೇ, ಫಲ ಮಾತ್ರ ತದ್ವಿರುದ್ಧ.

ನನಗೆ ಇದರಲ್ಲಿ ಕಾಣುವುದು ಇಷ್ಟು. ‘ವ್ಯಾಪಾರ ಹೇಗೆ ಹೆಚ್ಚಿಸಲಿ?’ ಎಂದರೆ ಎಐ ಹತ್ತು ಉಪಾಯ ಹೇಳುತ್ತದೆ, ಹತ್ತೂ ಕೇಳಲು ಚೆನ್ನಾಗಿರುತ್ತವೆ. ತನ್ನ ವ್ಯಾಪಾರಕ್ಕೆ ಒಗ್ಗುವ ಎರಡನ್ನು ಆರಿಸಿ, ಎಂಟನ್ನು ಬದಿಗಿಡುವುದು ಅನುಭವದ ಕೆಲಸ. ಆ ಅನುಭವ ಇದ್ದವರ ಕೈಯಲ್ಲಿ ಎಐ ಬಲ ಹೆಚ್ಚಿಸುತ್ತದೆ. ಇಲ್ಲದಿದ್ದಾಗ ಅಷ್ಟೇ ವೇಗವಾಗಿ ದಾರಿ ತಪ್ಪಿಸಬಹುದು. ಹಾಗಾಗಿ ‘ಎಐ ಬಳಸಿ’ ಎಂದು ಹೇಳಿ ಸುಮ್ಮನಾಗುವುದು ಅರ್ಧ ಸಲಹೆ. ಯಾವ ಕೆಲಸಕ್ಕೆ ಎಂದೂ ಹೇಳಬೇಕು.

ಅದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಮಾಡುವುದು ಕಷ್ಟ, ಸರಿಯಿದೆಯೇ ಎಂದು ನೋಡುವುದು ಸುಲಭ, ಅಂಥ ಕೆಲಸವನ್ನು ಮೊದಲು ಕೊಡಿ. ಪತ್ರ ಬರೆಯಲು ಅರ್ಧ ಗಂಟೆ ಬೇಕು, ಸರಿಯಿದೆಯೇ ಎಂದು ಓದಲು ಒಂದು ನಿಮಿಷ ಸಾಕು. ಹತ್ತು ಪುಟದ ಟೆಂಡರ್ ಷರತ್ತಿನಲ್ಲಿ ತಲುಪಿಸುವ ದಿನಾಂಕ, ದಂಡದ ಷರತ್ತು ಎಲ್ಲಿವೆ ಎಂದು ಕೇಳಿದರೆ ಆ ಪುಟ ತೆರೆದು ನೋಡಿದರಾಯಿತು. ತೆರಿಗೆ ಕಾನೂನಿನ ಒಂದು ಗೊಂದಲ ಕೇಳಿದರೆ ಹಾಗಲ್ಲ. ಉತ್ತರ ಒಂದು ನಿಮಿಷದಲ್ಲಿ ಬರುತ್ತದೆ, ಅದು ಸರಿಯೋ ಎಂದು ತಿಳಿಯಲು ಎರಡು ದಿನ ಬೇಕು. ಅಂಥದ್ದಕ್ಕೆ ಬಲ್ಲವರ ಹತ್ತಿರವೇ ಹೋಗಬೇಕು. ಬೇಕಿದ್ದರೆ ಅವರನ್ನು ಏನೇನು ಕೇಳಬೇಕು ಎಂಬ ಪಟ್ಟಿಯನ್ನು ಎಐ ಹತ್ತಿರ ಮಾಡಿಸಿಕೊಳ್ಳಿ.

ಬಾಕಿ ಕೇಳುವ ಪತ್ರವನ್ನೇ ಹತ್ತಿರದಿಂದ ನೋಡೋಣ. ‘ಬಾಕಿ ಕೇಳುವ ಪತ್ರ ಬರೆದುಕೊಡು’ ಎಂದರೆ ಯಾರು ಯಾರಿಗೆ ಬೇಕಾದರೂ ಕಳಿಸಬಹುದಾದ ಸಪ್ಪೆ ಪತ್ರ ಬರುತ್ತದೆ. ಅನೇಕರು ಇಲ್ಲಿಗೇ ನಿರಾಶರಾಗಿ ಬಿಟ್ಟುಬಿಡುತ್ತಾರೆ. ಹೊಸ ಗುಮಾಸ್ತರಿಗೆ ಹೇಳುವಂತೆ ಹೇಳಿ ನೋಡಿ: ‘ಇವರು ಆರು ವರ್ಷದಿಂದ ನಮ್ಮಲ್ಲೇ ಕೆಲಸ ಮಾಡಿಸುತ್ತಾರೆ. ಬಿಲ್ ಕೊಟ್ಟು 47 ದಿನ ಆಯಿತು, ಮಾತಾಗಿದ್ದು 30 ದಿನ. ಒಮ್ಮೆ ಫೋನಿನಲ್ಲಿ ಕೇಳಿದ್ದೇವೆ. ಸಂಬಂಧ ಕೆಡಬಾರದು. ಆದರೆ ಮುಂದಿನ ಕೆಲಸಕ್ಕೆ ಕೈ ಹಾಕುವ ಮೊದಲು ಹಣ ಬರಬೇಕು ಎನ್ನುವುದು ಸ್ಪಷ್ಟವಾಗಬೇಕು. ಆರು ಸಾಲು ಮೀರಬೇಡ.’ ಈಗ ಬರುವ ಪತ್ರದಲ್ಲಿ ನಿಮ್ಮ ದನಿ ಇರುತ್ತದೆ. ಕಳಿಸುವ ಮುಂಚೆ ಮೊತ್ತ, ದಿನಾಂಕ, ಹೆಸರು ನೋಡಿ. ಜೊತೆಗೆ ‘ಒಪ್ಪಂದದ ಪ್ರಕಾರ ವಿಳಂಬ ಶುಲ್ಕ ಅನ್ವಯಿಸುತ್ತದೆ’ ಎಂಬಂಥ ಸಾಲು ತಾನಾಗಿ ಸೇರಿಕೊಂಡಿದೆಯೇ ನೋಡಿ. ನಿಮ್ಮ ಒಪ್ಪಂದದಲ್ಲಿ ಅಂಥ ಷರತ್ತೇ ಇಲ್ಲದಿರಬಹುದು. ಇಂಥ ಪತ್ರಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ ಎಂಬ ಕಾರಣಕ್ಕೇ ಯಂತ್ರ ಅದನ್ನು ಹಾಕಿಬಿಡುತ್ತದೆ. ನಿಮ್ಮ ಸ್ವಂತ ವ್ಯಾಪಾರವಾದ್ದರಿಂದ ಈ ತಪ್ಪು ನಿಮ್ಮ ಕಣ್ಣಿಗೆ ತಟ್ಟನೆ ಬೀಳುತ್ತದೆ.

ಲೆಕ್ಕದ ವಿಷಯದಲ್ಲಿ ಒಂದು ಎಚ್ಚರ. ಭಾಷಾ ಮಾದರಿ ಕ್ಯಾಲ್ಕುಲೇಟರ್ ಅಲ್ಲ. ನೂರು ಬಿಲ್ಲುಗಳ ಮೊತ್ತವನ್ನು ಅದರಿಂದ ನೇರವಾಗಿ ಕೇಳಬೇಡಿ. ಮೊತ್ತ ಹಾಕುವ ಸೂತ್ರ ಕೇಳಿ, ಸ್ಪ್ರೆಡ್‌ಶೀಟಿಗೆ ಹಾಕಿ, ನಿಮಗೆ ಮೊದಲೇ ಉತ್ತರ ಗೊತ್ತಿರುವ ಒಂದು ತಿಂಗಳ ಅಂಕಿಯ ಮೇಲೆ ಓಡಿಸಿ ನೋಡಿ. ತಾಳೆಯಾದರೆ ಮುಂದಿನ ತಿಂಗಳುಗಳಿಗೂ ಅದೇ ಸೂತ್ರ ಸಾಕು. ದಾಸ್ತಾನಿನ ಮುನ್ನಂದಾಜಿಗೂ ಇದೇ ಮಾತು. ಅದಕ್ಕೆ ಮೊದಲು ಮಾರಾಟದ ದಾಖಲೆ ಒಂದೇ ಕಡೆ ಇರಬೇಕಷ್ಟೆ.

ಈಗ ಮತ್ತೆ ಆ ದಂಡ ಮತ್ತು ಬೆಲ್ಟಿಗೆ ಬರುತ್ತೇನೆ, ಸಣ್ಣವರ ನಿಜವಾದ ಬಲ ಅಲ್ಲಿದೆ. ದೊಡ್ಡ ಸಂಸ್ಥೆಯಲ್ಲಿ ಕೆಲಸದ ಕ್ರಮ ಬದಲಿಸಲು ಸಮಿತಿ ಬೇಕು, ಹಳೆಯ ತಂತ್ರಾಂಶ ಒಪ್ಪಬೇಕು, ಮೂರು ವಿಭಾಗಗಳು ಸಹಿ ಹಾಕಬೇಕು. ನಾಲ್ಕು ಜನರಿದ್ದಲ್ಲಿ ಸೋಮವಾರ ಬೆಳಿಗ್ಗೆ ಮಾತಾಡಿಕೊಂಡರೆ ಮಂಗಳವಾರದಿಂದ ಹೊಸ ಕ್ರಮ. ದುರಸ್ತಿ ಕೆಲಸ ಮಾಡುವವರನ್ನು ತೆಗೆದುಕೊಳ್ಳಿ. ಜಾಗಕ್ಕೆ ಹೋಗಿ ನೋಡುವುದು, ಚೀಟಿಯಲ್ಲಿ ಗುರುತು ಹಾಕಿಕೊಳ್ಳುವುದು, ರಾತ್ರಿ ಅದನ್ನು ಕೊಟೇಷನ್ ಮಾಡುವುದು, ಇದು ಹಳೆಯ ಕ್ರಮ. ರಾತ್ರಿ ಟೈಪಿಂಗ್ ಮಾತ್ರ ಎಐಗೆ ಕೊಟ್ಟರೆ ಅದು ಎಂಜಿನ್ ತೆಗೆದು ಮೋಟಾರು ಕೂರಿಸಿದ ಹಾಗೆ, ಲಾಭ ಸ್ವಲ್ಪವೇ. ಅದರ ಬದಲು ಜಾಗದಲ್ಲೇ ನಿಂತು ಕಂಡದ್ದನ್ನು ಫೋನಿಗೆ ಬಾಯಿಮಾತಿನಲ್ಲಿ ಹೇಳಿ, ಅದನ್ನು ಬರಹಕ್ಕೆ ಇಳಿಸಿ, ನಿಮ್ಮ ದರಪಟ್ಟಿಯೊಂದಿಗೆ ಕರಡು ಕೊಟೇಷನ್ ಮಾಡಿಸಿ, ಗ್ರಾಹಕರ ಎದುರಿಗೇ ಒಮ್ಮೆ ಓದಿ ತಿದ್ದಿ ಕಳಿಸಿದರೆ? ರಾತ್ರಿಯ ಆ ಹಂತವೇ ಇಲ್ಲವಾಗುತ್ತದೆ. ಅಳತೆಯಲ್ಲಿ ಏನಾದರೂ ತಪ್ಪಿದ್ದರೆ ಗ್ರಾಹಕರು ಅಲ್ಲೇ ಹೇಳುತ್ತಾರೆ.

ಕೆಲಸದವರ ಮನಸ್ಸಿನಲ್ಲಿ ಭಯ ಇರುತ್ತದೆ, ಅದನ್ನು ಹಗುರವಾಗಿ ನೋಡಬಾರದು. ನಾಲ್ವರಲ್ಲಿ ಒಬ್ಬರನ್ನು ಕಳಿಸಿ ಉಳಿಸುವುದು ಇಲ್ಲಿನ ಲಾಭವಲ್ಲ. ಆಗದೇ ಉಳಿಯುತ್ತಿದ್ದ ಕೆಲಸ ಆಗುವುದು ಲಾಭ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಬೇಕು, ಹೇಳಿದಂತೆ ನಡೆಯಬೇಕು. ಯಾವ ಕೆಲಸ ಬೇಸರ ತರಿಸುತ್ತದೆ ಎಂದು ಅವರನ್ನೇ ಕೇಳಿದರೆ ಪಟ್ಟಿ ತಾನಾಗಿ ಸಿಗುತ್ತದೆ.

ಎರಡು ಅಪಾಯಗಳ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಮೊದಲನೆಯದು, ಗ್ರಾಹಕರ ಜೊತೆ ಯಂತ್ರವನ್ನು ಒಂಟಿಯಾಗಿ ಮಾತಿಗೆ ಬಿಡುವುದು. ಅಜ್ಜಿ ತೀರಿಕೊಂಡಿದ್ದ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾ ವಿಮಾನ ಸಂಸ್ಥೆಯ ಚಾಟ್‌ಬಾಟ್, ಟಿಕೆಟ್ ಕೊಂಡ ಮೇಲೂ ರಿಯಾಯಿತಿಗೆ ಅರ್ಜಿ ಹಾಕಬಹುದು ಎಂದು ಹೇಳಿತ್ತು. ಸಂಸ್ಥೆಯ ನಿಯಮದಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ. ವ್ಯಾಜ್ಯ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂದು ಸಂಸ್ಥೆ ವಾದಿಸಿತು. 2024ರ ಫೆಬ್ರವರಿಯಲ್ಲಿ ಮಂಡಳಿ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ವಿಮಾನ ಸಂಸ್ಥೆಗೆ ಆ ಹಣ ಲೆಕ್ಕಕ್ಕಿಲ್ಲ. ಸಣ್ಣ ಉದ್ಯಮಕ್ಕೆ ಹೀಗೆ ಕೊಟ್ಟ ಒಂದು ತಪ್ಪು ಮಾತು, ಕಳೆದುಕೊಂಡ ಒಂದು ಹೆಸರು ಬಹಳ ದುಬಾರಿ. ಉತ್ತರದ ಕರಡು ಎಐ ಮಾಡಲಿ, ಕಳಿಸುವ ಗುಂಡಿ ಮನುಷ್ಯರೇ ಒತ್ತಲಿ.

ಎರಡನೆಯದು ಮಾಹಿತಿ. 2023ರಲ್ಲಿ ಸ್ಯಾಮ್‌ಸಂಗ್ ತನ್ನ ಸಿಬ್ಬಂದಿಗೆ ಇಂಥ ಸಾಧನಗಳ ಬಳಕೆಯನ್ನು ನಿರ್ಬಂಧಿಸಿದ್ದು ಅವರಲ್ಲಿ ಕೆಲವರು ಸಂಸ್ಥೆಯ ಗುಟ್ಟಿನ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾದ ಮೇಲೆ. ಗ್ರಾಹಕರ ಹೆಸರು, ಫೋನ್ ಸಂಖ್ಯೆ, ಬ್ಯಾಂಕ್ ವಿವರ, ಕೆಲಸದವರ ಸಂಬಳ, ಇವು ಹೊರಗಿನ ಯಾವ ಸಾಧನಕ್ಕೂ ಹಾಗೇ ಹೋಗಬಾರದು. ‘ಗ್ರಾಹಕ ಅ’, ‘ಗ್ರಾಹಕ ಆ’ ಎಂದು ಬರೆದರೂ ಪತ್ರ ಅಷ್ಟೇ ಚೆನ್ನಾಗಿ ಬರುತ್ತದೆ. ಹೆಸರನ್ನು ಕೊನೆಗೆ ನೀವೇ ಹಾಕಿಕೊಳ್ಳಿ. ನೀವು ಹಾಕಿದ ಮಾಹಿತಿಯನ್ನು ತರಬೇತಿಗೆ ಬಳಸದಂತೆ ತಡೆಯುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇದೆಯೇ ಎಂದು ಮೊದಲ ದಿನವೇ ಹುಡುಕಿ.

ಇಷ್ಟಾದ ಮೇಲೆ ಶುರು ಮಾಡುವುದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಒಂದು ವಾರ, ಎರಡನೇ ಪಾಳಿಯಲ್ಲಿ ಮಾಡಿದ ಪ್ರತಿ ಕೆಲಸವನ್ನೂ ಅದಕ್ಕೆ ಹಿಡಿದ ನಿಮಿಷಗಳನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಅದರಲ್ಲಿ ಪದೇ ಪದೇ ಬರುವ, ಓದಿದ ಕೂಡಲೇ ತಪ್ಪು ಕಾಣುವಂಥ ಒಂದೇ ಒಂದು ಕೆಲಸ ಆರಿಸಿ. ನಾಲ್ಕು ವಾರ ಅದನ್ನು ಮಾತ್ರ ಎಐ ಜೊತೆ ಮಾಡಿ. ವರ್ಷದ ಚಂದಾ ಈಗಲೇ ಕಟ್ಟಬೇಡಿ, ಉಚಿತ ಆವೃತ್ತಿ ಅಥವಾ ಒಂದು ತಿಂಗಳಿನದು ಸಾಕು. ನಾಲ್ಕು ವಾರ ಆದ ಮೇಲೆ ಅದೇ ಹಾಳೆ ತೆಗೆದು, ಹಳೆಯ ನಿಮಿಷಗಳ ಪಕ್ಕದಲ್ಲಿ ಹೊಸ ನಿಮಿಷಗಳನ್ನು ಬರೆಯಿರಿ. ಕೇಳುವ ಸಮಯ, ಓದುವ ಸಮಯ, ತಿದ್ದುವ ಸಮಯ ಮೂರೂ ಅದರಲ್ಲಿ ಸೇರಿರಬೇಕು. ಹೊಸ ಅಂಕಿ ದೊಡ್ಡದಾಗಿದ್ದರೆ ಆ ಕೆಲಸವನ್ನು ನಿಮ್ಮ ಕೈಗೇ ವಾಪಸ್ ತೆಗೆದುಕೊಳ್ಳಿ. ಚಿಕ್ಕದಾಗಿದ್ದರೆ ಹಾಳೆಯಲ್ಲಿ ಅದರ ಕೆಳಗಿರುವ ಕೆಲಸಕ್ಕೆ ಬನ್ನಿ.